ಕೆಸುವಿಗೆ ನೀರು, ಹೇಜಲ್‌ಗೆ ಚಳಿ: ಎರಡು ಬೆಳೆಗಳು ಕಲಿಸಿದ ಒಂದೇ ಪಾಠ

ತಾಲೂಕು ಕೇಂದ್ರಗಳ ಬೇಕರಿಗಳಲ್ಲೂ ಈಗ ಹೇಜಲ್‌ನಟ್ ಚಾಕೊಲೇಟು ಸಿಗುತ್ತದೆ. ಅದೇ ಪೇಟೆಯ ವಾರದ ಸಂತೆಯಲ್ಲಿ, ಮಳೆಗಾಲವಾದರೆ, ಬಾಳೆನಾರಿನಲ್ಲಿ ಕಟ್ಟಿದ ಕೆಸುವಿನೆಲೆಯ ಕಟ್ಟುಗಳು ಬಂದಿರುತ್ತವೆ. ಮೊದಲನೆಯದು ದುಬಾರಿ, ವಿದೇಶಿ. ಎರಡನೆಯದು ಅಗ್ಗ, ಹಿತ್ತಲಿನದು. ‘ಹೇಜಲ್‌ನಟ್ ನಮ್ಮ ಕಡೆ ಬೆಳೆಯಲಿಕ್ಕೆ ಆಗುತ್ತದಾ?’ ಎಂದು ಕೇಳುವ ರೈತರು ನಮಗೆ ಆಗಾಗ ಸಿಗುತ್ತಾರೆ. ‘ಕೆಸು ಬೆಳೆಯುವುದು ಹೇಗೆ?’ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ತಾನಾಗಿಯೇ ಬೆಳೆಯುತ್ತದೆ ಎಂಬುದು ಎಲ್ಲರ ನಂಬಿಕೆ.

ಮೊದಲ ಪ್ರಶ್ನೆಗೆ ಚುಟುಕಾದ ಉತ್ತರ: ಆಗುವುದಿಲ್ಲ. ಆದರೆ ಏಕೆ ಆಗುವುದಿಲ್ಲ ಎಂದು ಹುಡುಕುತ್ತಾ ಹೋದಾಗ ಎರಡೂ ಗಿಡಗಳ ಚರಿತ್ರೆ ಎದುರಾಯಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಈ ಎರಡು ಬೆಳೆಗಳು ಇಪ್ಪತ್ತನೇ ಶತಮಾನದ ಕೊನೆಯಲ್ಲಿ, ಎರಡು ಬೇರೆ ಬೇರೆ ಕಡೆ, ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಬಿದ್ದವು. ಎದ್ದದ್ದೂ ಒಂದೇ ರೀತಿಯಲ್ಲಿ. ಆ ಕಥೆ ನಮ್ಮ ಹಿತ್ತಲಿಗೂ ಸಂಬಂಧಿಸಿದ್ದು.

ಒಂದಕ್ಕೆ ನೀರು, ಇನ್ನೊಂದಕ್ಕೆ ಚಳಿ

ಕೆಸು ಬಿಸಿ ಮತ್ತು ಒದ್ದೆ ನಾಡಿನ ಗಿಡ. ಇಪ್ಪತ್ತರಿಂದ ಮೂವತ್ತು ಡಿಗ್ರಿಯೊಳಗಿನ ಶಾಖ, ಧಾರಾಳ ಮಳೆ ಇಲ್ಲವೇ ನಿಂತ ನೀರು, ಸ್ವಲ್ಪ ನೆರಳು ಸಿಕ್ಕರೂ ಸಾಕು. ಭತ್ತದಂತೆ ಇದರ ದಂಟು ಬೇರುಗಳಲ್ಲೂ ಗಾಳಿ ಓಡಾಡುವ ಟೊಳ್ಳು ಜಾಗಗಳಿವೆ. ಹೀಗಾಗಿ ಬೇರೆ ಗಿಡ ಉಸಿರುಕಟ್ಟಿ ಸಾಯುವ ಕೆಸರಿನಲ್ಲಿ ಇದು ನೆಮ್ಮದಿಯಾಗಿ ನಿಲ್ಲುತ್ತದೆ. ಆದರೆ ಗದ್ದೆಯಲ್ಲಿ ಬೆಳೆದರೆ ನೀರು ಹರಿಯುತ್ತಿರಬೇಕು, ತಂಪಾಗಿರಬೇಕು. ಬಿಸಿಯಾಗಿ ಕೊಳೆತು ನಿಂತ ನೀರಿನಲ್ಲಿ ಗಡ್ಡೆಯೂ ಕೊಳೆಯುತ್ತದೆ. ನೆಟ್ಟ ಆರು ತಿಂಗಳಿಂದ ವರ್ಷದೊಳಗೆ ಗಡ್ಡೆ ಕೈಗೆ ಬರುತ್ತದೆ. ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬಿದ್ದರೆ ಎಲೆ ಸುಟ್ಟಂತೆ ಕಪ್ಪಾಗಿ ಗಿಡ ನೆಲಕಚ್ಚುತ್ತದೆ.

ಹೇಜಲ್ ಇದಕ್ಕೆ ತದ್ವಿರುದ್ಧ. ಅದಕ್ಕೆ ಚಳಿಗಾಲ ಬೇಕೇ ಬೇಕು. ಸೊನ್ನೆಯಿಂದ ಏಳು ಡಿಗ್ರಿಯ ಆಸುಪಾಸಿನ ಚಳಿ, ತಳಿಗೆ ತಕ್ಕಂತೆ ಸುಮಾರು 800ರಿಂದ 1,200 ಗಂಟೆ ಸಿಗದಿದ್ದರೆ ಮೊಗ್ಗು ನಿದ್ದೆಯಿಂದ ಏಳುವುದೇ ಇಲ್ಲ. ಈ ಗಿಡ ಹೂಬಿಡುವ ಕಾಲವೂ ವಿಚಿತ್ರ. ಎಲೆಯೆಲ್ಲ ಉದುರಿ ಬೋಳಾಗಿ ನಿಂತ ನಡು ಚಳಿಗಾಲದಲ್ಲಿ ಗಂಡು ಹೂವಿನ ಜೋಲುಗೊಂಚಲುಗಳು ಹಳದಿ ಪರಾಗ ಉದುರಿಸುತ್ತವೆ. ಜೇನಿನ ಹಂಗಿಲ್ಲ, ಗಾಳಿಯೇ ಅದನ್ನು ಒಯ್ಯುತ್ತದೆ. ಹೆಣ್ಣು ಹೂವೆಂದರೆ ಮೊಗ್ಗಿನ ತುದಿಯಲ್ಲಿ ಇಣುಕುವ ನಾಲ್ಕಾರು ಕೆಂಪು ಎಳೆಗಳಷ್ಟೆ. ಪರಾಗ ತಾಗಿದ ಮೇಲೂ ಕಾಯಿ ಕಟ್ಟುವ ಕೆಲಸ ನಾಲ್ಕೈದು ತಿಂಗಳು ಮುಂದೆ ಹೋಗುತ್ತದೆ. ಬೇಸಿಗೆ ಹೊಸ್ತಿಲಲ್ಲಿ ಗರ್ಭ ನಿಂತು, ಆಗಸ್ಟ್-ಸೆಪ್ಟೆಂಬರಿನಲ್ಲಿ ಕಾಯಿ ಬಲಿತು ಉದುರುತ್ತದೆ.

ಇನ್ನೊಂದು ಮುಖ್ಯ ಸಂಗತಿ, ಹೇಜಲ್ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ತೋಟದ ತುಂಬ ಒಂದೇ ತಳಿ ನೆಟ್ಟರೆ ಕಾಯಿ ಸಿಗದು. ನಡುನಡುವೆ ‘ಪರಾಗದ ಗಿಡ’ವಾಗಿ ಬೇರೆ ತಳಿಗಳನ್ನು ನೆಡಲೇಬೇಕು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೇಜಲ್‌ಗೆ ನೀರು ನಿಲ್ಲದ ನೆಲ ಬೇಕು. ನೆಟ್ಟ ಮೂರು-ನಾಲ್ಕು ವರ್ಷಕ್ಕೆ ಫಲ ಶುರುವಾದರೆ ಅರ್ಧ ಶತಮಾನ ಕಾಯಿ ಕೊಡುತ್ತದೆ. ಮುಳ್ಳಯ್ಯನಗಿರಿಯ ಚಳಿಯೂ ಇದಕ್ಕೆ ಸಾಲದು. ನಮ್ಮ ಮುಂಗಾರಿನ ಒದ್ದೆಯಂತೂ ಬೇಡವೇ ಬೇಡ. ಭಾರತದಲ್ಲಿ ಇದರ ಸೋದರ ಜಾತಿಯೊಂದು ಪಶ್ಚಿಮ ಹಿಮಾಲಯದ ಕಾಡುಗಳಲ್ಲಿದೆ. ಹಿಮಾಚಲ ಪ್ರದೇಶದ ಚಂಬಾ ಜಿಲ್ಲೆಯ ಪಾಂಗಿ ಕಣಿವೆಯ ಜನ ಅದನ್ನು ‘ಠಾಂಗಿ’ ಎಂದು ಕರೆಯುತ್ತಾರೆ, ಕಾಡಿನಿಂದ ಆಯ್ದು ತಂದು ಮಾರುತ್ತಾರೆ. ಅದರಿಂದಾಚೆಗೆ ನಮ್ಮ ದೇಶಕ್ಕೂ ಹೇಜಲ್‌ಗೂ ನಂಟು ಕಡಿಮೆ.

ಹಳೆಯ ತುತ್ತುಗಳು

ಎರಡೂ ಗಿಡಗಳು ಮನುಷ್ಯನಿಗೆ ಬೇಸಾಯ ಗೊತ್ತಾಗುವ ಮೊದಲಿನಿಂದ ಪರಿಚಿತ.

ಸ್ಕಾಟ್‌ಲೆಂಡಿನ ಪಶ್ಚಿಮಕ್ಕೆ ಕೊಲನ್ಸೇ ಎಂಬ ಪುಟ್ಟ ದ್ವೀಪವಿದೆ. 1990ರ ದಶಕದಲ್ಲಿ ಅಲ್ಲಿನ ಸ್ಟಾವ್ಸ್‌ನೇಗ್ ಎಂಬಲ್ಲಿ ಪುರಾತತ್ವ ತಜ್ಞ ಸ್ಟೀವನ್ ಮಿಥೆನ್ ತಂಡ ಅಗೆದಾಗ ಒಂದು ಗುಂಡಿಯ ತುಂಬ ಹೇಜಲ್‌ನಟ್‌ನ ಸುಟ್ಟ ಚಿಪ್ಪುಗಳು ಸಿಕ್ಕವು. ಲಕ್ಷಗಟ್ಟಲೆ ಕಾಯಿಗಳ ಚಿಪ್ಪು. ಕಾಲ ಸುಮಾರು 9,000 ವರ್ಷಗಳ ಹಿಂದಿನದು. ಬೇಟೆಯಾಡಿ, ಆಯ್ದು ತಿನ್ನುತ್ತಿದ್ದ ಜನ ಕಾಯಿಯನ್ನು ರಾಶಿ ಹಾಕಿ ಹುರಿದು, ಚಳಿಗಾಲಕ್ಕೆ ಕೂಡಿಡುತ್ತಿದ್ದರು ಎಂಬುದಕ್ಕೆ ಅದು ಸಾಕ್ಷಿ.

ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಪಪುವಾ ನ್ಯೂಗಿನಿಯ ಎತ್ತರದ ಕಣಿವೆಯಲ್ಲಿ ‘ಕುಕ್’ ಎಂಬ ಜವುಗು ನೆಲವಿದೆ. ಅಲ್ಲಿ ಸಿಕ್ಕ ಸುಮಾರು 10,000 ವರ್ಷ ಹಳೆಯ ಕಲ್ಲಿನ ಉಪಕರಣಗಳ ಮೇಲೆ ಕೆಸುವಿನ ಪಿಷ್ಟದ ಕಣಗಳು ಅಂಟಿಕೊಂಡಿದ್ದವು. ಅದೇ ಜಾಗದಲ್ಲಿ ಸುಮಾರು 7,000 ವರ್ಷ ಹಿಂದೆ ಜನ ಮಣ್ಣಿನ ದಿಬ್ಬಗಳನ್ನು ಕಟ್ಟಿ, ಆಮೇಲಿನ ಕಾಲದಲ್ಲಿ ಕಾಲುವೆ ತೋಡಿ ಬೇಸಾಯ ಮಾಡಿದ ಗುರುತುಗಳಿವೆ. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಬೇಸಾಯದ ಚರಿತ್ರೆ ಎಂದರೆ ಗೋಧಿ, ಬಾರ್ಲಿ, ಭತ್ತ ಎಂದಷ್ಟೇ ಶಾಲೆಯಲ್ಲಿ ಓದಿದ ನಮಗೆ, ಕೆಸರಿನ ಗಡ್ಡೆಯೂ ಅವುಗಳ ಸಾಲಿನಲ್ಲಿ ಕುಳಿತದ್ದು ದೊಡ್ಡ ಸುದ್ದಿಯೇ.

ಸರಕಾಗಿ ಹೋದದ್ದು, ಗಿಡವಾಗಿ ಹೋದದ್ದು

ಎರಡರ ಉಪಯೋಗವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅವುಗಳ ಹಣೆಬರಹ ಏಕೆ ಬೇರೆಯಾಯಿತು ಎಂಬುದು ತಿಳಿಯುತ್ತದೆ.

ಹೇಜಲ್‌ನಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಚಿಪ್ಪಿನೊಳಗೆ ಒಣಗಿಸಿಟ್ಟರೆ ವರ್ಷವಾದರೂ ಕೆಡುವುದಿಲ್ಲ. ಹಾಗಾಗಿ ಅದು ಹಡಗು ಹತ್ತಿತು. ರೋಮನ್ನರ ಕಾಲಕ್ಕೇ ಇಟಲಿಯ ಅಬೆಲ್ಲಾ ಎಂಬ ಊರಿನ ಹೆಸರು ಈ ಕಾಯಿಗೆ ಅಂಟಿಕೊಂಡಿತ್ತು. ಇಂದಿಗೂ ಸಸ್ಯಶಾಸ್ತ್ರದಲ್ಲಿ ಇದು ‘ಕೊರಿಲಸ್ ಅವೆಲ್ಲಾನಾ’. ಇಂದು ಜಗತ್ತಿನ ಹೇಜಲ್‌ನಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಟರ್ಕಿಯಿಂದ, ಅದರಲ್ಲೂ ಕಪ್ಪು ಸಮುದ್ರದ ದಡದ ಒರ್ದು, ಗಿರೆಸುನ್, ಟ್ರಾಬ್‌ಜೋನ್ ಸೀಮೆಯ ಕಡಿದಾದ ಇಳಿಜಾರುಗಳಿಂದ. ಅಲ್ಲಿನ ರೈತರು ನಾಲ್ಕಾರು ಗಿಡಗಳನ್ನು ವೃತ್ತಾಕಾರದಲ್ಲಿ ಒಟ್ಟಿಗೆ ನೆಡುತ್ತಾರೆ. ಆ ಗುಂಪಿಗೆ ಅವರು ಕರೆಯುವುದು ‘ಒಜಾಕ್’, ಅಂದರೆ ಒಲೆ.

ಚಾಕೊಲೇಟಿನ ಜೊತೆ ಅದರ ಮದುವೆ ನಡೆದದ್ದು ಇಟಲಿಯ ಟ್ಯೂರಿನ್ ನಗರದಲ್ಲಿ. ನೆಪೋಲಿಯನ್ ಕಾಲದ ವ್ಯಾಪಾರ ದಿಗ್ಬಂಧನದಿಂದ ಕೋಕೊ ಸಿಗದಾದಾಗ ಮಿಠಾಯಿಗಾರರು ಸುತ್ತಲಿನ ಗುಡ್ಡದ ಹೇಜಲ್‌ನಟ್ ಅರೆದು ಬೆರೆಸಿದರು ಎಂಬ ಕಥೆ ಅಲ್ಲಿ ಪ್ರಚಲಿತ. ಎರಡನೇ ಮಹಾಯುದ್ಧದ ನಂತರ ಮತ್ತೆ ಕೋಕೊ ಕೊರತೆಯಾದಾಗ, 1946ರಲ್ಲಿ ಪಿಯೆತ್ರೊ ಫೆರೆರೊ ಅದೇ ಉಪಾಯವನ್ನು ವ್ಯಾಪಾರವಾಗಿಸಿದರು. ಅದೇ ಸರಕು ರೂಪ ಬದಲಿಸಿಕೊಂಡು 1964ರಲ್ಲಿ ‘ನ್ಯೂಟೆಲ್ಲಾ’ ಆಯಿತು.

ಹೇಜಲ್‌ನ ಕೋಲಿಗೂ ಕಾಯಿಯಷ್ಟೇ ಮರ್ಯಾದೆ ಇತ್ತು. ಬುಡಕ್ಕೆ ಕಡಿದರೆ ಏಳೆಂಟು ವರ್ಷಕ್ಕೆ ಮತ್ತೆ ನೇರವಾದ ಕೋಲುಗಳು ಎದ್ದು ನಿಲ್ಲುತ್ತವೆ. ಯುರೋಪಿನ ಹಳ್ಳಿಗರು ಅದನ್ನು ಹೆಣೆದು ಕುರಿದೊಡ್ಡಿಯ ತಡಿಕೆ ಮಾಡಿದರು, ತಡಿಕೆಗೆ ಮಣ್ಣು ಮೆತ್ತಿ ಮನೆಗೋಡೆ ಮಾಡಿದರು. ನಮ್ಮಲ್ಲಿ ಬಿದಿರು ಮಾಡಿದ ಕೆಲಸವನ್ನು ಅಲ್ಲಿ ಹೇಜಲ್ ಮಾಡಿತು. ಕೊಳವೆಬಾವಿಗೆ ಪಾಯಿಂಟ್ ನೋಡುವವರು ಕವಲು ಕಡ್ಡಿ ಹಿಡಿದು ಹೊಲ ಸುತ್ತುವುದನ್ನು ನಾವೆಲ್ಲ ನೋಡಿದ್ದೇವೆ. ಜರ್ಮನಿಯ ಗಣಿಗಾರರು ಅದಿರು ಹುಡುಕಲು ಬಳಸಿದ್ದೂ ಇಂಥದೇ ಕವಲು ಕಡ್ಡಿ, ಅದರಲ್ಲಿ ಹೇಜಲ್‌ಗೆ ಹೆಸರು ಹೆಚ್ಚು. 1556ರಲ್ಲಿ ಪ್ರಕಟವಾದ ಗಣಿಗಾರಿಕೆಯ ಪುಸ್ತಕದಲ್ಲಿ ಜಾರ್ಜಿಯಸ್ ಅಗ್ರಿಕೋಲಾ ಇದನ್ನು ವಿವರಿಸಿ, ತಿಳಿದ ಗಣಿಗಾರನಿಗೆ ಇಂಥ ಕಡ್ಡಿ ಬೇಕಿಲ್ಲ ಎಂದೂ ಬರೆದಿದ್ದಾರೆ.

ಕೆಸುವಿನ ಗಡ್ಡೆ ಹೀಗೆ ಸರಕಾಗಿ ದೂರ ಹೋಗಲಾರದು. ಕಿತ್ತ ಕೆಲವೇ ವಾರಗಳಲ್ಲಿ ಕೊಳೆಯುತ್ತದೆ. ಅದು ದೂರ ಹೋದದ್ದು ಜೀವಂತ ಗಿಡವಾಗಿ. ಗಡ್ಡೆಯನ್ನು ಊಟಕ್ಕೆ ಕತ್ತರಿಸಿಕೊಂಡು, ತುದಿಯ ಚೂರನ್ನು ದಂಟಿನ ಸಮೇತ ಮತ್ತೆ ನೆಟ್ಟರೆ ಸಾಕು. ಊಟವೂ ಅದೇ, ಬೀಜವೂ ಅದೇ. ಶಾಂತ ಸಾಗರದ ನಾವಿಕರು ದೋಣಿಗಳಲ್ಲಿ ಇದನ್ನು ದ್ವೀಪದಿಂದ ದ್ವೀಪಕ್ಕೆ ಒಯ್ದು, ಕೊನೆಗೆ ಹವಾಯಿ ಮುಟ್ಟಿಸಿದರು. ಹವಾಯಿಯ ಪುರಾಣದಲ್ಲಿ ಹುಟ್ಟುವಾಗಲೇ ಸತ್ತ ಮೊದಲ ಮಗುವನ್ನು ಹೂಳಿದ ಜಾಗದಲ್ಲಿ ಕೆಸು ಚಿಗುರಿತು, ಆಮೇಲೆ ಹುಟ್ಟಿದ ತಮ್ಮನಿಂದ ಮನುಷ್ಯರ ವಂಶ ಬೆಳೆಯಿತು. ಅಂದರೆ ಕೆಸು ಅವರಿಗೆ ಅಣ್ಣ. ಹವಾಯಿ ವಿಶ್ವವಿದ್ಯಾಲಯ ಮೂರು ಹೊಸ ಕೆಸು ತಳಿಗಳಿಗೆ ಪೇಟೆಂಟ್ ಪಡೆದಾಗ ‘ಒಡಹುಟ್ಟಿದವನ ಮೇಲೆ ಹಕ್ಕುಪತ್ರವೇ?’ ಎಂಬ ಭಾವನೆಯಿಂದ ಅಲ್ಲಿನ ಜನ ಎದ್ದುನಿಂತರು. 2006ರಲ್ಲಿ ವಿಶ್ವವಿದ್ಯಾಲಯ ಆ ಪೇಟೆಂಟ್‌ಗಳನ್ನು ಬಿಟ್ಟುಕೊಟ್ಟಿತು.

ನಮ್ಮಲ್ಲಿ ಕೆಸು ಅಣ್ಣನಲ್ಲ, ಮಳೆಗಾಲದ ನೆಂಟ. ಕನ್ನಡದಲ್ಲಿ ಕೆಸು, ಕೆಸವು, ಗಡ್ಡೆಗೆ ಬಯಲುಸೀಮೆಯಲ್ಲಿ ಸಾಮೆಗಡ್ಡೆ, ಕೊಡವರಲ್ಲಿ ಕೆಂಬು. ಕರಾವಳಿಯಲ್ಲಿ ಆಟಿ ತಿಂಗಳು ಬಂತೆಂದರೆ ಪತ್ರೊಡೆ, ಉತ್ತರ ಕನ್ನಡದ ಹವ್ಯಕರ ಮನೆಗಳಲ್ಲಿ ಕರಕಲಿ, ಮಲೆನಾಡಿನಲ್ಲಿ ದಂಟಿನ ಸಾರು. ಇದರ ಎಲೆ, ದಂಟು, ಗಡ್ಡೆ ಎಲ್ಲದರಲ್ಲೂ ಸೂಜಿಯಂಥ ಸುಣ್ಣದ ಹರಳುಗಳಿವೆ. ನಾಲಗೆ, ಗಂಟಲು ತುರಿಸುವುದು ಅದರಿಂದಲೇ. ಹುಣಸೆ, ವಾಟೆಹುಳಿ, ಲಿಂಬೆ ಹಾಕಿ ಚೆನ್ನಾಗಿ ಬೇಯಿಸಬೇಕು ಎಂಬ ಅಜ್ಜಿಯರ ಕಟ್ಟಪ್ಪಣೆ ಬಂದದ್ದು ಈ ತುರಿಕೆಯಿಂದ. ಹೇಜಲ್‌ನಟ್ ಹಸಿಯಾಗಿಯೂ ತಿನ್ನಬಹುದು, ಕೆಸುವನ್ನು ತಿನ್ನಲು ಅಡುಗೆ ಗೊತ್ತಿರಬೇಕು. ಒಂದರ ಬೆಲೆ ಮಾರುಕಟ್ಟೆಯಲ್ಲಿದೆ, ಇನ್ನೊಂದರ ಬೆಲೆ ಮನೆಯ ತಿಳಿವಳಿಕೆಯಲ್ಲಿದೆ. ಆ ತಿಳಿವಳಿಕೆ ಹೋದರೆ ಗಿಡವೂ ಕಳೆಯಾಗಿಬಿಡುತ್ತದೆ.

ಸಮೋವಾ, 1993

ಇಷ್ಟೆಲ್ಲ ಬೇರೆಯಾದರೂ ಎರಡಕ್ಕೂ ಒಂದು ಸಮಾನ ದೌರ್ಬಲ್ಯವಿದೆ. ರೈತರು ಎರಡನ್ನೂ ಬೀಜದಿಂದ ಬೆಳೆಸುವುದಿಲ್ಲ. ಕೆಸುವನ್ನು ಮರಿಗಡ್ಡೆ, ತುದಿಗಳಿಂದ. ಹೇಜಲನ್ನು ಬುಡದಲ್ಲಿ ಏಳುವ ಕಂದುಗಳಿಂದ. ಹಾಗಾಗಿ ಒಂದು ತಳಿಯ ಸಾವಿರ ಗಿಡಗಳೂ ವಾಸ್ತವದಲ್ಲಿ ಒಂದೇ ಗಿಡ. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ.

ಶಾಂತ ಸಾಗರದ ಸಮೋವಾ ದೇಶಕ್ಕೆ ಕೆಸು ದಿನನಿತ್ಯದ ಊಟ, ಜೊತೆಗೆ ಮುಖ್ಯ ರಫ್ತು ಬೆಳೆ. 1990 ಮತ್ತು 1991ರಲ್ಲಿ ಎರಡು ಚಂಡಮಾರುತಗಳು ದ್ವೀಪವನ್ನು ಜರ್ಜರಗೊಳಿಸಿದವು. ಆಮೇಲೆ ರೈತರು ನೆಟ್ಟದ್ದು ಬಹುಪಾಲು ‘ನಿಯುಎ’ ಎಂಬ ಒಂದೇ ತಳಿ. ಅದಕ್ಕೆ ನ್ಯೂಜಿಲೆಂಡಿನ ಮಾರುಕಟ್ಟೆಯಲ್ಲಿ ಒಳ್ಳೆಯ ದರವಿತ್ತು, ತಿನ್ನಲು ರುಚಿಯೂ ಇತ್ತು. ರೈತರ ಲೆಕ್ಕದಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

1993ರ ನಡುವಿನಲ್ಲಿ ಎಲೆಗಳ ಮೇಲೆ ನೀರು ಕುಡಿದಂಥ ಕಂದು ಚುಕ್ಕೆಗಳು ಕಾಣಿಸಿಕೊಂಡವು. ಚುಕ್ಕೆ ಉಂಗುರವಾಗಿ, ಉಂಗುರ ಎಲೆಯಾಗಿ ಹರಡಿತು. ‘ಫೈಟಾಫ್ತೊರಾ ಕೊಲೊಕೇಸಿಯೆ’ ಎಂಬ ಶಿಲೀಂಧ್ರದಂಥ ಜೀವಿ ತರುವ ಎಲೆ ಅಂಗಮಾರಿ ರೋಗ ಅದು. ಮಳೆ, ಇಬ್ಬನಿ, ಬೆಚ್ಚನೆಯ ರಾತ್ರಿ ಇದ್ದರೆ ಅದರ ಓಟಕ್ಕೆ ತಡೆಯಿಲ್ಲ. ಮರುವರ್ಷದ ಹೊತ್ತಿಗೆ ಸಮೋವಾದ ಕೆಸು ರಫ್ತು ಹೆಚ್ಚುಕಡಿಮೆ ನಿಂತೇಹೋಯಿತು. ಮಾರುಕಟ್ಟೆಯನ್ನು ಪಕ್ಕದ ಫಿಜಿ ಹಿಡಿದುಕೊಂಡಿತು. ಮನೆಯ ತಟ್ಟೆಯಲ್ಲಿ ಕೆಸುವಿನ ಜಾಗಕ್ಕೆ ಬಾಳೆ, ಬ್ರೆಡ್‌ಫ್ರೂಟ್, ಕೊಂಡು ತಂದ ಅಕ್ಕಿ ಬಂದವು.

ಔಷಧಿ ಹೊಡೆಯಬಹುದಿತ್ತಲ್ಲ ಎಂದು ಅಡಿಕೆ ಬೆಳೆಗಾರರು ಕೇಳಬಹುದು. ಈ ಪ್ರಶ್ನೆಗೆ ನಮ್ಮ ಮಲೆನಾಡಿನ ಚರಿತ್ರೆಯಲ್ಲೇ ನೆಲೆಯಿದೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದದ್ದೂ ಇದೇ ಫೈಟಾಫ್ತೊರಾ ಕುಲದ ಜೀವಿ. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿದರು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಗೆ ಅವರೇ ದಾರಿ ಮಾಡಿದರು. ಅಡಿಕೆ ಗೊನೆಗೆ ಆ ಉಪಾಯ ಕೈಕೊಡಲಿಲ್ಲ. ಆದರೆ ಕೆಸುವಿನೆಲೆಯ ಮೇಲೆ ನೀರೇ ನಿಲ್ಲುವುದಿಲ್ಲ. ಮೇಣದ ಪದರದಿಂದ ಹನಿ ಮುತ್ತಾಗಿ ಉರುಳಿ ಬೀಳುತ್ತದೆ. ಸಿಂಪಡಿಸಿದ್ದು ಒಂದು ಮಳೆಗೆ ತೊಳೆದುಹೋಗುತ್ತದೆ. ಮೇಲಾಗಿ, ಮನೆಯೂಟದ ಬೆಳೆಗೆ ವಾರವಾರ ಔಷಧಿಯ ಖರ್ಚು ಹಾಕುವವರಾರು?

ದಾರಿ ಸಿಕ್ಕಿದ್ದು ಬೇರೆ ಹಿತ್ತಲುಗಳಿಂದ. ಪಲಾವ್, ಮೈಕ್ರೊನೇಷ್ಯಾ, ಫಿಲಿಪೈನ್ಸ್ ಕಡೆಯ ಕೆಲವು ತಳಿಗಳು ಈ ರೋಗ ತಾಳಿಕೊಳ್ಳುತ್ತಿದ್ದವು. 1990ರ ದಶಕದ ನಡುವಿನಿಂದ ಸಮೋವಾದ ವಿಜ್ಞಾನಿಗಳು ಅವುಗಳನ್ನು ತರಿಸಿ, ಸ್ಥಳೀಯ ಕೆಸುವಿನೊಡನೆ ಸಂಕರ ಮಾಡಿದರು. ಆಮೇಲೆ ಏಷ್ಯಾ ಮೂಲದ ತಳಿಗಳೂ ಸೇರಿದವು. ಗಿಡಗಳನ್ನು ರೈತರ ಹೊಲದಲ್ಲೇ ಬೆಳೆಸಿ, ಯಾವುದು ರುಚಿ, ಯಾವುದು ಬೇಡ ಎಂದು ರೈತರೇ ಆರಿಸಿದರು. ರಫ್ತು ಮತ್ತೆ ಚಿಗುರಲು ಒಂದೂವರೆ ದಶಕ ಹಿಡಿಯಿತು.

ಆರೆಗಾನ್‌ನ ಬಡ ಗಿಡ

ಇದೇ ಕಾಲದಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಹೇಜಲ್ ತೋಟಗಳು ಒಣಗುತ್ತಿದ್ದವು. ಅಮೆರಿಕದ ಹೇಜಲ್‌ನಟ್ ಬಹುತೇಕ ಎಲ್ಲವೂ ಬೆಳೆಯುವುದು ಅಲ್ಲಿನ ವಿಲಾಮೆಟ್ ಕಣಿವೆಯಲ್ಲಿ. ಸಮುದ್ರ ಹತ್ತಿರವಿರುವುದರಿಂದ ಹದವಾದ ಚಳಿ, ಒಣ ಬೇಸಿಗೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಯುರೋಪಿನಿಂದ ಬಂದ ‘ಬಾರ್ಸಿಲೋನಾ’ ತಳಿಯೇ ಅಲ್ಲಿ ದಶಕಗಟ್ಟಲೆ ಆಳಿತು. ಪರಾಗಕ್ಕೆಂದು ನಡುವೆ ನೆಟ್ಟದ್ದು ಹೆಚ್ಚಾಗಿ ‘ಡೇವಿಯಾನಾ’.

ಅಮೆರಿಕದ ಪೂರ್ವ ಭಾಗದ ಕಾಡು ಹೇಜಲ್‌ನಲ್ಲಿ ಒಂದು ಶಿಲೀಂಧ್ರ ಮೊದಲಿನಿಂದಲೂ ಇತ್ತು. ಅಲ್ಲಿನ ಗಿಡಕ್ಕೆ ಅದರ ಅಭ್ಯಾಸವಿದ್ದುದರಿಂದ ದೊಡ್ಡ ತೊಂದರೆ ಇರಲಿಲ್ಲ. ಯುರೋಪಿನ ಗಿಡಕ್ಕೆ ಅದು ಮೃತ್ಯು. ರಾಕಿ ಪರ್ವತ ಅಡ್ಡವಿದೆ ಎಂಬ ಧೈರ್ಯ ಪಶ್ಚಿಮದ ಬೆಳೆಗಾರರಿಗಿತ್ತು. 1970ರ ಸುಮಾರಿಗೆ ಅದು ವಾಷಿಂಗ್ಟನ್ ರಾಜ್ಯದ ನೈಋತ್ಯ ಭಾಗದಲ್ಲಿ ಕಾಣಿಸಿತು, 1986ರಲ್ಲಿ ವಿಲಾಮೆಟ್ ಕಣಿವೆಗೆ ಇಳಿಯಿತು. ಕೊಂಬೆಯ ತೊಗಟೆಯ ಮೇಲೆ ಸಾಲುಸಾಲಾಗಿ ಕಪ್ಪು ಗುಳ್ಳೆಗಳೆದ್ದು ಗಿಡ ಕೆಲವು ವರ್ಷಗಳಲ್ಲಿ ಒಣಗುತ್ತದೆ. ಮೊದಲು ಬಿದ್ದವುಗಳಲ್ಲಿ ‘ಡೇವಿಯಾನಾ’ ಒಂದು.

ಈಗ ನೆನಪಿಡಿ ಎಂದ ಮಾತಿಗೆ ಬರೋಣ. ತೋಟಗಳಲ್ಲಿ ಪರಾಗದ ಗಿಡಗಳಾಗಿ ಅಲ್ಲೊಂದು ಇಲ್ಲೊಂದು ಬೇರೆ ತಳಿಗಳೂ ಇದ್ದವು. ಅವುಗಳಲ್ಲಿ ‘ಗ್ಯಾಸವೇ’ ಎಂಬುದೊಂದು. ಕಾಯಿ ಸಣ್ಣದು, ಇಳುವರಿ ಕಡಿಮೆ, ಯಾರೂ ಕಾಯಿಗಾಗಿ ನೆಡದ ಹಳೆಯ ತಳಿ. ಸುತ್ತಲಿನ ಗಿಡಗಳೆಲ್ಲ ಸಾಯುತ್ತಿರುವಾಗ ಅದು ಮಾತ್ರ ಹಸಿರಾಗಿ ನಿಂತಿದ್ದನ್ನು 1970ರ ದಶಕದಲ್ಲಿ ವಿಜ್ಞಾನಿಗಳು ಗುರುತಿಸಿದರು. ಅದರ ರೋಗನಿರೋಧಕ ಗುಣ ಒಂದೇ ಒಂದು ಜೀನ್‌ನಿಂದ ಬಂದದ್ದು. ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ತಳಿ ಅಭಿವೃದ್ಧಿ ವಿಭಾಗ ಪೀಳಿಗೆಯ ಮೇಲೆ ಪೀಳಿಗೆ ಸಂಕರ ಮಾಡಿ ಆ ಗುಣವನ್ನು ಒಳ್ಳೆಯ ಕಾಯಿಯ ತಳಿಗಳಿಗೆ ತಂದಿತು. 2008ರಲ್ಲಿ ‘ಯಾಮ್‌ಹಿಲ್’, 2009ರಲ್ಲಿ ‘ಜೆಫರ್ಸನ್’ ಬಿಡುಗಡೆಯಾದವು. ಆಮೇಲೆ ಆರೆಗಾನ್‌ನ ಹೇಜಲ್ ಪ್ರದೇಶ ಕುಗ್ಗುವ ಬದಲು ಹಿಗ್ಗಿತು.

ಕಥೆ ಅಲ್ಲಿಗೆ ಸುಖಾಂತವೇನಲ್ಲ. ಒಂದು ಜೀನ್ ಮೇಲೆ ಇಡೀ ಉದ್ಯಮ ನಿಂತರೆ ಅದೂ ಒಂದೇ ತಳಿ ನೆಟ್ಟಂತೆಯೇ. ಆ ಜೀನನ್ನು ದಾಟಬಲ್ಲ ರೋಗದ ಹೊಸ ರೂಪ ಇತ್ತೀಚಿನ ವರ್ಷಗಳಲ್ಲಿ ಆರೆಗಾನ್‌ನಲ್ಲೂ ಕಾಣಿಸಿದೆ. ವಿಜ್ಞಾನಿಗಳು ಈಗ ಬೇರೆ ದೇಶಗಳ ಹಳೆಯ ಗಿಡಗಳಲ್ಲಿ ಬೇರೆ ಜೀನ್‌ಗಳನ್ನು ಜೋಡಿಸುವ ಕೆಲಸದಲ್ಲಿದ್ದಾರೆ.

ನಮ್ಮ ಹಿತ್ತಲಿನ ಪ್ರಶ್ನೆ

ಸಮೋವಾದ ರೈತನೂ ಆರೆಗಾನ್‌ನ ತೋಟದ ಮಾಲೀಕನೂ ದಡ್ಡರಾಗಿರಲಿಲ್ಲ. ಮಾರುಕಟ್ಟೆ ಕೇಳಿದ್ದನ್ನು ನೆಟ್ಟರು. ಮಾರುಕಟ್ಟೆ ಒಂದನ್ನೇ ಕೇಳಿತು. ಕೊನೆಗೆ ಕಾಪಾಡಿದ್ದು ಮಾರುಕಟ್ಟೆ ಕೇಳದೆ ಬಿಟ್ಟಿದ್ದ ಗಿಡ.

ಸಮೋವಾಕ್ಕೆ ನೆರವಾದ ಏಷ್ಯಾದ ಕೆಸು ಎಂದರೆ ನಮ್ಮ ಸುತ್ತಲಿನದೇ ಬಳಗ. ಕೆಸುವಿನ ಮೂಲ ನೆಲೆಗಳಲ್ಲಿ ಭಾರತದ ಈಶಾನ್ಯ ಭಾಗವೂ ಸೇರಿದೆ ಎಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಅದೇ ಅಂಗಮಾರಿ ರೋಗ ನಮ್ಮಲ್ಲೂ ಇದೆ. ಆದರೂ ಇಲ್ಲಿ ಕೆಸು ಒಮ್ಮೆಲೆ ನೆಲಕಚ್ಚದೆ ಇರಲು ಒಂದು ಕಾರಣ ಅದರ ವೈವಿಧ್ಯ. ಕರಿಕೆಸು, ಬಿಳಿಕೆಸು, ನೀರುಕೆಸು, ಗಡ್ಡೆಗೊಂದು, ಎಲೆಗೊಂದು, ದಂಟಿಗೊಂದು ಎಂದು ಮನೆಯವರು ಬೇರೆ ಬೇರೆ ಇಟ್ಟುಕೊಂಡಿದ್ದರು. ಮರದ ಮೇಲೆ ಬೆಳೆಯುವ ಮರಕೆಸುವಂತೂ ಬೇರೆಯೇ ಕುಲದ್ದು, ಪತ್ರೊಡೆಗೆ ಅದನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ. ತಿರುವನಂತಪುರದಲ್ಲಿ 1963ರಿಂದ ಕೇಂದ್ರ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ತಳಿ ಸಂಗ್ರಹವೂ ಇದೆ. ಆದರೆ ಎಷ್ಟೇ ದೊಡ್ಡ ಸಂಗ್ರಹವಾದರೂ ಪ್ರತಿ ಹಿತ್ತಲಿಗೆ ಬಂದು ಲೆಕ್ಕ ಬರೆದುಕೊಳ್ಳಲಾರದು. ಕೆಸು ಬೀಜದ ಡಬ್ಬಿಯಲ್ಲಿ ಉಳಿಯುವ ಬೆಳೆಯೂ ಅಲ್ಲ, ವರ್ಷವರ್ಷ ನೆಟ್ಟರಷ್ಟೇ ಉಳಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ತಿರುಗಾಡುವಾಗ ನಮಗೆ ಕಾಣುವುದು ಬೇರೆ ಚಿತ್ರ. ಕೆಸು ನಿಲ್ಲುತ್ತಿದ್ದ ತಗ್ಗು ಗದ್ದೆ, ಹೊಂಡದ ಅಂಚು, ಬಚ್ಚಲ ನೀರಿನ ದಾರಿಗಳಿಗೆ ಮಣ್ಣು ತುಂಬಿಸಿ ಅಡಿಕೆ ನೆಡಲಾಗುತ್ತಿದೆ. ಬಚ್ಚಲ ನೀರು ಪೈಪಿನಲ್ಲಿ ಹೋಗುತ್ತಿದೆ. ಅಡಿಕೆಗೆ ದರವಿದೆ, ನೆಡುವವರನ್ನು ದೂರುವಂತಿಲ್ಲ. ಆದರೆ ಅದೇ ಅಡಿಕೆಗೆ ಎಲೆಚುಕ್ಕೆ ರೋಗ ಬಂದು ಮಲೆನಾಡಿನ ತೋಟಗಳು ಬಳಲುತ್ತಿರುವುದನ್ನೂ ನಾವೇ ವರದಿ ಮಾಡುತ್ತಿದ್ದೇವೆ. 1993ರ ಸಮೋವಾ ನಮಗೆ ದೂರದ ದ್ವೀಪವೇನಲ್ಲ.

ಹಾಗಾಗಿ ಹೇಜಲ್‌ನಟ್ ಸಸಿ ಸಿಗುತ್ತದಾ ಎಂದು ಕೇಳುವ ಗೆಳೆಯರಿಗೆ ನಮ್ಮ ಸಲಹೆ ಇಷ್ಟು. ಆ ದುಡ್ಡು ಉಳಿಸಿ, ಚಳಿಯಿಲ್ಲದ ಊರಿನಲ್ಲಿ ಅದು ಕಾಯಿ ಕೊಡದು. ಬದಲಿಗೆ ಮನೆಯ ಹಿರಿಯರನ್ನು, ಅದರಲ್ಲೂ ಅಡುಗೆಮನೆಯ ಹಿರಿಯರನ್ನು ಕೇಳಿ: ನಮ್ಮಲ್ಲಿ ಎಷ್ಟು ಬಗೆಯ ಕೆಸು ಇತ್ತು, ಯಾವುದು ತುರಿಸುತ್ತಿರಲಿಲ್ಲ, ಯಾವುದರ ಎಲೆಗೆ ಚುಕ್ಕೆ ಬೀಳುತ್ತಿರಲಿಲ್ಲ, ಈಗ ಅದು ಯಾರ ಮನೆಯಲ್ಲಿದೆ? ಸಿಕ್ಕರೆ ಒಂದು ಮರಿಗಡ್ಡೆ ತಂದು ಬಚ್ಚಲ ಹಿಂದೆ ನೆಡಿ, ಹೆಸರು ಬರೆದಿಡಿ, ನೆರೆಮನೆಗೂ ಒಂದು ಕೊಡಿ. ಈ ಮಳೆಗಾಲದಲ್ಲಿ ನಾವು ನಮ್ಮ ತಾಲೂಕುಗಳ ಕೆಸುವಿನ ಹೆಸರುಗಳ ಪಟ್ಟಿ ಮಾಡಲು ಹೊರಟಿದ್ದೇವೆ. ನಿಮ್ಮೂರಿನ ಹೆಸರುಗಳನ್ನೂ ಕಳಿಸಿಕೊಡಿ.